ಗಲ್ಲಾ ಬಿಟ್ಟು ಏಳದವನ ಸ್ಕ್ಯಾನಿಂಗ್

ಮೂತ್ರ ತಡೆದುಕೊಳ್ಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ದೆಹಲಿಯ ಇಡೀ ಪೀತಮ್‌ಪುರದಲ್ಲಿಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ಇಪ್ಪತ್ತು ವರ್ಷದಿಂದ ನಮ್ಮ ದೋಸೆ ಹೋಟೆಲಿನ ಗಲ್ಲಾದಲ್ಲಿ ಕೂತವನು ನಾನು. ಬೆಳಿಗ್ಗೆ ಕೂತರೆ ಮಧ್ಯಾಹ್ನದ ಊಟದ ಗದ್ದಲ ಮುಗಿಯುವವರೆಗೆ ಏಳುವ ಪದ್ಧತಿಯೇ ಇಲ್ಲ. ಹಾಗಾಗಿ, ನೀರು ಕುಡಿದು, ತಡೆದುಕೊಂಡು ಅಲ್ಟ್ರಾಸೌಂಡಿಗೆ ಹೋಗಿ ಎಂದು ಡಾಕ್ಟರು ಹೇಳಿದಾಗ ನನಗೆ ನಗು ಬಂತು. ಇದೂ ಒಂದು ಪರೀಕ್ಷೆಯೇ!

ಒಳಗೊಳಗೆ ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಒಂದು ವರ್ಷದಿಂದ ಮೂತ್ರ ಸರಿಯಾಗಿ ಹೋಗುತ್ತಿರಲಿಲ್ಲ. ದಾರಿಯಲ್ಲಿ ಎಲ್ಲೋ ತಡೆ ಇದೆ, ಕಿಡ್ನಿಗೆ ಪೆಟ್ಟು ಬಿದ್ದಿದೆಯೋ ಏನೋ ನೋಡಬೇಕು ಎಂದಿದ್ದರು ಡಾಕ್ಟರು. ಹೆಂಡತಿ ಸುಮತಿಗೆ ಮಾತ್ರ, ಏನಿಲ್ಲ, ದೆಹಲಿಯ ಸೆಕೆ ಎಂದಿದ್ದೆ. ಅವಳು ನಂಬಲಿಲ್ಲ. ಸ್ಕ್ಯಾನಿಂಗ್ ಸೆಂಟರಿಗೆ ಜೊತೆಯಲ್ಲೇ ಹೊರಟಳು.

ಅಲ್ಲಿ ಜನವೋ ಜನ. ಕಾಯುವವರನ್ನು ಕಂಡರೆ ನನಗೆ ಸುಮ್ಮನೆ ಕೂರಲಾಗದು. ಭಾನುವಾರ ಹೋಟೆಲಿನ ಬಾಗಿಲಲ್ಲಿ ಕಾಯುವವರನ್ನು ಗಲ್ಲಾದಿಂದಲೇ ಕೂಗಿ, ಮಕ್ಕಳಿದ್ದವರು ಮೊದಲು, ವಯಸ್ಸಾದವರು ಮೊದಲು ಎಂದು ಒಳಗೆ ಕಳಿಸಿ ರೂಢಿ. ನನ್ನ ಸರದಿ ಬಂದಾಗ ಒಬ್ಬ ಬಸುರಿಯನ್ನು ಮುಂದೆ ಕಳಿಸಿದೆ. ಆಮೇಲೆ ಒಬ್ಬ ಅಜ್ಜನನ್ನು. ಆಮೇಲೆ ಕಾಲಿನ ಮೇಲೆ ಕಾಲು ಹಾಕಿ ಒದ್ದಾಡುತ್ತಿದ್ದ ಕಾಲೇಜು ಹುಡುಗಿಯನ್ನು. ತಡೆದುಕೊಳ್ಳಲು ಬಾರದ ಈ ಜೀವಗಳನ್ನು ಕಂಡು ನನಗೆ ಮರುಕವಾಯಿತು.

“ನೀವೆಂತ ಇಲ್ಲಿ ಮ್ಯಾನೇಜರಾ?” ಎಂದಳು ಸುಮತಿ.

ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರು ಕೆಮ್ಮಿ ಸುಮ್ಮನಾಯಿತು. ನಾನು ಕೂತೆ, ನಿಂತೆ, ಅಡ್ಡಾಡಿದೆ. ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಗೋಡೆಯ ಫಲಕವನ್ನು ಹನ್ನೊಂದು ಸಲ ಓದಿದೆ. ಹನ್ನೆರಡನೆಯ ಸಲಕ್ಕೆ ಅಕ್ಷರಗಳು ಕುಣಿಯತೊಡಗಿದವು. ಎದ್ದವನೇ ಟಾಯ್ಲೆಟ್ಟಿಗೆ ಓಡಿದೆ! ಇಪ್ಪತ್ತು ವರ್ಷದ ಕೀರ್ತಿ ಅಲ್ಲಿಗೆ ಮುಗಿಯಿತು.

ಹೊರಗೆ ಬಂದರೆ ಕರೆಂಟು ಬಂದಿತ್ತು, ನನ್ನ ಹೆಸರನ್ನೂ ಕರೆಯುತ್ತಿದ್ದರು. ತಪ್ಪಿತಸ್ಥನಂತೆ ಒಳಗೆ ಹೋಗಿ, ಎಲ್ಲ ಖಾಲಿ ಮಾಡಿಕೊಂಡೆ, ಮತ್ತೆ ನೀರು ಕುಡಿದು ಬರುತ್ತೇನೆ ಎಂದು ಅಲ್ಲಿನ ಡಾಕ್ಟರಮ್ಮನ ಮುಂದೆ ಒಪ್ಪಿಕೊಂಡೆ. ಮಲಗಿ, ನೋಡೋಣ ಎಂದರು. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಮತ್ತೆ ಮತ್ತೆ ಒತ್ತಿ ಪರದೆ ನೋಡಿದರು. ಕೊನೆಗೆ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು.

“ಖಾಲಿ ಕಹಾಂ ಹೈ, ಅಂಕಲ್?”

ಎಲ್ಲಿ ಖಾಲಿಯಾಗಿದೆ? ಅರ್ಧಕ್ಕರ್ಧ ಒಳಗೇ ಉಳಿದಿತ್ತು. ಪ್ರಾಸ್ಟೇಟ್ ಗ್ರಂಥಿ ಊದಿ ದಾರಿಗೆ ಅಡ್ಡ ನಿಂತಿತ್ತು. ಒಂದು ಕಿಡ್ನಿ ಆಗಲೇ ಸ್ವಲ್ಪ ಊದಿಕೊಂಡಿತ್ತು. ಈಗ ಬಂದಿದ್ದೀರಿ, ಉಳಿಸಿಕೊಳ್ಳಬಹುದು ಎಂದರು. ಈ ಒಂದು ವರ್ಷ ನಾನು ತಡೆದುಕೊಂಡೆ ಎಂದು ಬೀಗುತ್ತಿದ್ದುದರಲ್ಲಿ ಎಷ್ಟೋ ಪಾಲು, ಬಿಡಲಾಗದೆ ಉಳಿದದ್ದು. ನನಗೆ ನಾಚಿಕೆಯಾಯಿತು.

ಆಟೋದಲ್ಲಿ ಸುಮತಿ ರಿಪೋರ್ಟನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

“ಗಲ್ಲಾದಲ್ಲಿ ಯಾರನ್ನು ಬೇಕಾದ್ರೂ ಕೂರಿಸಬಹುದು,” ಎಂದಳು ಆಮೇಲೆ. “ನನಗೆ ಬೇರೆ ಯಾರುಂಟು ಮಾರಾಯ್ರೇ?”

ಹೇಳದೆ ಮುಚ್ಚಿಟ್ಟದ್ದು ತಪ್ಪಾಯಿತು ಎಂದೆ.

ಈಗ ಮಾತ್ರೆ ನಡೆಯುತ್ತಿದೆ. ದಿನಾ ಹನ್ನೊಂದಕ್ಕೊಮ್ಮೆ, ಒಂದಕ್ಕೊಮ್ಮೆ ಸುಮತಿ ಹೋಟೆಲಿಗೆ ಬಂದು, ಗಲ್ಲಾದ ಮುಂದೆ ನಿಂತು, ತುಂಬಿದ ಸಭೆಯಲ್ಲಿ “ಏಳಿ” ಎನ್ನುತ್ತಾಳೆ. ಅವಳು ಬರುವುದು ತಡವಾದರೆ ದೋಸೆ ತಿನ್ನುತ್ತಿರುವ ಗಿರಾಕಿಗಳೇ ಗಡಿಯಾರ ನೋಡಿ, “ಅಣ್ಣಾ, ಟೈಮ್ ಹೋ ಗಯಾ” ಎಂದು ನೆನಪಿಸುತ್ತಾರೆ. ಪೀತಮ್‌ಪುರಕ್ಕೇ ಮೊದಲಿಗನಾದ ನಾನು ತೆಪ್ಪಗೆ ಎದ್ದು ಹೋಗುತ್ತೇನೆ.