ಕಲಾಯಿ ಕ್ಯಾಸೆಟ್ಟು

ಒಲೆಯ ಕಿಡಿ ಹಾರಿ ಯಾವಳದೋ ವೇಲಿಗೆ ತಾಗಬಹುದಿತ್ತು. ನವಸಾಗರದ ಹೊಗೆ ಕುಡಿದು ಯಾರಾದರೂ ಮೂರ್ಛೆ ಹೋಗಬಹುದಿತ್ತು. ಕಾದ ಪಾತ್ರೆ ಕಾಲ ಮೇಲೆ ಬೀಳಬಹುದಿತ್ತು. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ಟೆಂಪೋ ತಿರುವಿನಲ್ಲಿ ಮಗುಚಬಹುದಿತ್ತು. ಪ್ರಿನ್ಸಿಪಾಲರ ಮನೆಯವರು ಕಲಾಯಿಗೆಂದು ಕೊಟ್ಟ ತಾಮ್ರದ ತಪ್ಪಲೆ ತೂತಾಗಬಹುದಿತ್ತು. ಹಾಗಾಗಿದ್ದರೆ ಟೆಂಪೋ ಮಗುಚಿದ್ದೇ ವಾಸಿ ಎನಿಸುತ್ತಿತ್ತು!

ಇವನ್ನೆಲ್ಲ ನಾನು ಕ್ರಮಸಂಖ್ಯೆ ಹಾಕಿ ಬರೆದಿಟ್ಟುಕೊಂಡಿದ್ದೆ.

ರಸಾಯನಶಾಸ್ತ್ರದವರೂ ಕನ್ನಡದವರೂ ಒಟ್ಟಿಗೆ ಹೊರಗೆ ಹೋಗಿ, ಕಣ್ಣಾರೆ ನೋಡಿ, ಕೈಯಾರೆ ಮಾಡಿ ಕಲಿಯಬೇಕೆಂದು ನಮ್ಮ ಕಾಲೇಜು ಆ ವರ್ಷ ಠರಾವು ಮಾಡಿತ್ತು. ರಸಾಯನಶಾಸ್ತ್ರ ಎಂದರೆ ನಾನು. ಎಲ್ಲಿಗೆ ಹೋಗುವುದೆಂದು ಹೇಳಿದವಳು ಬಿ.ಎ. ಕಡೇ ವರ್ಷದ ಜುಬೇದಾ.

"ಸರ್, ನಮ್ಮ ಅಬ್ಬಾ ಯಲ್ಲಾಪುರದಲ್ಲಿ ಕಲಾಯಿ ಹಾಕ್ತಾರೆ. ಈಗ ಎಲ್ಲರ ಮನೇಲೂ ಸ್ಟೀಲು. ಈ ವರ್ಷ ತಿದಿ ಮಾರ್ತೇನೆ ಅಂತಿದ್ದಾರೆ. ಅದರೊಳಗೆ ಅವರು ಊರೂರು ತಿರುಗಿ ಕೂಗೋ ಕೂಗು ಒಮ್ಮೆ ಟೇಪ್ ಮಾಡ್ಬೇಕು ಸರ್."

ವಿಜ್ಞಾನದವರು ತವರ, ತಾಮ್ರದ ಸಂಗತಿ ಬರೆದುಕೊಳ್ಳುವುದು, ಕನ್ನಡದವರು ಮಾತು, ಕೂಗು ಬರೆದುಕೊಳ್ಳುವುದು ಎಂದಾಯಿತು. ಟೇಪ್ ಮಾಡುವ ಹೊಣೆ ನನ್ನದು. ಬೇರೆಯವರ ಕೈಗೆ ಕೊಟ್ಟು ಹಾಳಾದರೆ?

ಹೊರಡುವ ಬೆಳಿಗ್ಗೆ ಸುಟ್ಟಗಾಯದ ಮುಲಾಮು, ಹತ್ತಿ, ಎರಡು ಬಕೆಟ್ಟು ಮರಳು ಜಗುಲಿಗೆ ತಂದಿಟ್ಟೆ. ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಎಂತದು ಇದು? ಕಲಿಸಲೆ ಹೊಂಟದ್ದ, ಯುದ್ಧಕ್ಕೆ ಹೊಂಟದ್ದ?"

"ಆನು ಇಪ್ಪತ್ತು ಮಕ್ಕಳ ಕರ್ಕಂಡು ಬೆಂಕಿ ಹತ್ರ ಹೋಗ್ತೆ, ಗೊತ್ತಿದ್ದ?"

"ಹಂಗಾರೆ ಬಾವಿನೂ ತಗಂಡು ಹೋಗಿ!"

ಜುಬೇದಾಳ ತಂದೆ ಖಾದರ್ ಸಾಬರು ತಮ್ಮ ಮನೆಯಂಗಳದಲ್ಲಿ ಕುಳಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತುತ್ತ ಕೂತಿದ್ದರು. ಕಾದ ತಪ್ಪಲೆಗೆ ನವಸಾಗರದ ಪುಡಿ ಎರಚಿದ್ದೇ ತಡ, ಬಿಳೀ ಹೊಗೆ ಬುಸ್ಸೆಂದಿತು. "ಹಿಂದೆ ಸರೀರಿ!" ಎಂದು ನಾನು ಕಿರುಚಿದೆ. ಸಾಬರು ತವರ ಮುಟ್ಟಿಸಿ ಹತ್ತಿಯುಂಡೆಯಲ್ಲಿ ಒಂದು ಸುತ್ತು ಉಜ್ಜಿದರು. ತಪ್ಪಲೆಯೊಳಗೆ ಅವರ ಗಡ್ಡ ಕಂಡಿತು!

"ಸರ್, ಕ್ಲಾಸಲ್ಲಿ ಎರಡು ವರ್ಷ ತಲೆಗೆ ಹೋಗದ್ದು ಈಗ ಹೋಯ್ತು!" ಎಂದ ನನ್ನ ಶಿಷ್ಯನೊಬ್ಬ. ಬೇಸರಪಡಲು ನನಗೆ ಪುರಸೊತ್ತಿರಲಿಲ್ಲ. ಕಿಡಿ ಹಾರುತ್ತಿತ್ತು. ಹೆಗಲಿಗೆ ಹಾಕಿಕೊಂಡ ಟೇಪ್ ರೆಕಾರ್ಡರಿನ ಮೈಕು ಕರಗೀತೆಂದು ಅದನ್ನು ಭದ್ರವಾದ ಕಡೆ ಇಟ್ಟುಕೊಂಡು, ಸುತ್ತ ಓಡಾಡುತ್ತಿದ್ದೆ. ಸಾಬರಿಗೇ ನನ್ನ ಮೇಲೆ ಕನಿಕರ ಬಂದು, ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಕೂಗಿನ ಪಾಠ. "ಮತ್ತಿಘಟ್ಟದಲ್ಲಿ ಮನೆ ಎಲ್ಲ ಕೆಳಗೆ. ಕೂಗು ನಿಧಾನ ಇಳೀಬೇಕ್ರಿ. ನಂದೊಳ್ಳೀಲಿ ಚಿಕ್ಕದಾಗಿ ಕೂಗ್ಬೇಕು. ಇಲ್ಲಾಂದ್ರೆ ಮೊದ್ಲು ನಾಯಿ ಬರ್ತದೆ, ಹೆಂಗಸ್ರು ಆಮೇಲೆ!"

ಸಾಬರು ಕಿವಿಗೆ ಕೈಕೊಟ್ಟು ಒಂದೊಂದು ಊರಿಗೆ ಒಂದೊಂದು ಧಾಟಿಯಲ್ಲಿ "ಕಲಾಯೀ..." ಎಂದರು. ಪಕ್ಕದ ಮನೆಯ ಮುದುಕಿಯೊಬ್ಬರು ನಿಜವಾಗಿಯೇ ಪಾತ್ರೆ ಹಿಡಿದು ಹೊರಗೆ ಬಂದರು. ಮಕ್ಕಳು ನಕ್ಕರು. ಜುಬೇದಾ ಮಾತ್ರ ಮುಖ ತಿರುಗಿಸಿ ನಿಂತಳು.

ಇಪ್ಪತ್ತು ತಲೆ, ಒಂದು ತಪ್ಪಲೆ ಎಣಿಸಿಕೊಂಡು ಕ್ಷೇಮವಾಗಿ ವಾಪಸು ಬಂದೆ. ಪಟ್ಟಿಯ ಎಲ್ಲ ಆಪತ್ತುಗಳ ಮೇಲೂ ಗೀಟು ಎಳೆದೆ. ಪದೇಪದೇ ಹಾಕಿದರೆ ಸವೆದೀತೆಂದು ಕ್ಯಾಸೆಟ್ಟನ್ನು ಒಮ್ಮೆಯೂ ಹಾಕದೆ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮಕ್ಕಳು ಕೇಳಿದರೆ, "ನೋಟ್ಸು ನೋಡಿ ಬರೀರಿ" ಎಂದೆ.

ಮರುವರ್ಷ ಖಾದರ್ ಸಾಬರು ತೀರಿಕೊಂಡರು. ನಲವತ್ತು ದಿನ ಕಳೆದ ಮೇಲೆ ಜುಬೇದಾ ನಮ್ಮ ಮನೆಗೆ ಬಂದಳು.

"ಸರ್, ಅಬ್ಬಾನ ಕೂಗು ಒಮ್ಮೆ ಕೇಳ್ಬೇಕಿತ್ತು."

ಹೆಮ್ಮೆಯಿಂದ ಬೀಗ ತೆಗೆದೆ. ಕ್ಯಾಸೆಟ್ಟು ಹಾಕಿದೆ.

ಡಬ್. ಡಬ್. ಡಬ್.

"ಇದು ತಿದಿಯಾ ಸರ್?"

ತಿದಿಯಲ್ಲ. ನನ್ನ ಎದೆ! ಅದರ ಮೇಲೆ ನನ್ನ ಗಂಟಲು: "ಹುಷಾರು! ಯಾರದು, ವೇಲು ಕಟ್ಕೋ! ಕೆಮ್ಮು ಬಂತಾ? ನೀರು ಕುಡಿ!" ಎಲ್ಲೋ ಏಳು ಗೋಡೆಯಾಚೆ ಯಾರೋ ಏನೋ ಕೂಗುತ್ತಿದ್ದರು. ಯಾವ ಊರಿನ ಕೂಗೋ, ತಿಳಿಯುವಂತಿರಲಿಲ್ಲ.

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಪೂರಾ ನಿಂಗಳ ಸ್ವರವೇ ಇದ್ದು," ಎಂದಳು, ಮೆಲ್ಲಗೆ. ಅವಳು ಗದರಿದ್ದರೆ ಚೆನ್ನಾಗಿತ್ತು.

ಅರ್ಧ ಗಂಟೆಯ ಟೇಪಿನಲ್ಲಿ ಒಂದೇ ಒಂದು ಕಡೆ, ತೀರಾ ಹತ್ತಿರದಿಂದ, ಸಾಬರ ದನಿ ಸ್ಪಷ್ಟವಾಗಿತ್ತು: "ಎಂತಾ ಆಗೂದಿಲ್ರಿ ಸರ್. ಸುಮ್ನೆ ಕೂತ್ಕೊಳ್ರಿ."

"ಅಷ್ಟನ್ನೇ ಹಿಂದೆ ತಿರುಗಿಸ್ತೀರಾ ಸರ್?" ಎಂದಳು ಜುಬೇದಾ. ತಿರುಗಿಸಿದೆ. ಇನ್ನೊಮ್ಮೆ ಎಂದಳು. ಮತ್ತೊಮ್ಮೆ ಎಂದಳು. ಪ್ರತಿ ಸಲವೂ ಅದರ ಬೆನ್ನಿಗೇ ನಾನು "ಬೆಂಕಿ, ಬೆಂಕಿ!" ಎಂದು ಕಿರುಚುತ್ತಿದ್ದೆ.

ಕ್ಯಾಸೆಟ್ಟು ತನಗೇ ಬೇಕೆಂದಳು. ಕೊಟ್ಟೆ. ಗೇಟಿನ ತನಕ ಹೋಗಿ, "ಬಿಸಿಲಿಗೆ ಇಡ್ಬೇಡ, ಹುಷಾರು," ಎಂದೆ. ನನ್ನ ಬುದ್ಧಿ!

ಆ ದಿನ ನಾನು ಹೆದರಿದ್ದು ಒಂದೂ ಆಗಲಿಲ್ಲ. ತಪ್ಪಲೆ ಕೂಡ ತೂತಾಗಲಿಲ್ಲ.

ಮೈಕು ನನ್ನ ಅಂಗಿಯ ಜೇಬಿನಲ್ಲಿತ್ತು. ಅಷ್ಟೇ.