ಹೀಟರಿನ ಮೇಲೆ ಒದ್ದೆ ಬಟ್ಟೆ ಹಾಕಬಾರದು

ನೀರಿನ ತೆರಿಗೆ ಕಚೇರಿಯ ಶಿಶುಮನೆಗೆ ಒಂದು ಹೀಟರ್ ಕೊಡಬೇಕೆಂಬ ಕೋರಿಕೆಯನ್ನು ಕಚೇರಿ ಯಾವತ್ತೂ ತಿರಸ್ಕರಿಸಿಲ್ಲ. ಕೊಡುವ ಮುನ್ನ ಯಾವುದು ಕಡಿಮೆ ಖರ್ಚಿನದೆಂದು ಹೋಲಿಸಿ ನೋಡಬೇಕಾಗಿತ್ತು, ಅಷ್ಟೆ.

ಕೋರಿದವಳು ಕೌಂಟರಿನಲ್ಲಿ ರಶೀದಿ ಬರೆಯುವವಳು. ಅವಳ ಪುಟ್ಟ ಮಗಳು ಹಿಂಭಾಗದ ಶಿಶುಮನೆಯಲ್ಲಿ ಕೆಮ್ಮಿದರೆ ಕೌಂಟರಿನವರೆಗೂ ಕೇಳುತ್ತಿತ್ತು. ಆ ಕೋಣೆಗೆ ಬಿಸಿಲು ಹಾಗಿರಲಿ, ಬಿಸಿಲಿನ ಸುದ್ದಿಯೂ ಬರುತ್ತಿರಲಿಲ್ಲ.

"ಒಂದು ಸಣ್ಣದು ಸಾಕು ಸರ್," ಎಂದಳು.

"ಸಣ್ಣದೋ ದೊಡ್ಡದೋ, ಕರೆಂಟ್ ಬಿಲ್ ಕಟ್ಟೋರು ಯಾರಮ್ಮ? ಜನರ ದುಡ್ಡು," ಎಂದರು ಮೇಲಧಿಕಾರಿ.

ಹೀಗೆ ತಾಪನ ವೆಚ್ಚ ಹೋಲಿಕೆ ಸಮಿತಿ ಹುಟ್ಟಿತು. ಮೇಲಧಿಕಾರಿ ಅಧ್ಯಕ್ಷರು; ಲೆಕ್ಕಿಗರು ಮತ್ತು ಉಗ್ರಾಣದವರು ಸದಸ್ಯರು. ಪರೀಕ್ಷೆ ನ್ಯಾಯವಾಗಿ ನಡೆಯಬೇಕಾದರೆ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಉರಿಸಬೇಕು. ಆ ಕೋಣೆ ಮೇಲಧಿಕಾರಿಯವರದಾಗಿದ್ದು ಕೇವಲ ಕಾಕತಾಳೀಯ.

ಸುರುಳಿ ಹೀಟರ್ ಬೇಗ ಕಾಯಿತು. ಆರಿಸಿದ ಕೂಡಲೇ ಶಾಖವೂ ಮನೆಗೆ ಹೋಯಿತು. ಎಣ್ಣೆ ತುಂಬಿದ ಹೀಟರ್ ಕಾಯುವಷ್ಟರಲ್ಲಿ ಊಟದ ಹೊತ್ತಾಯಿತು. ಗ್ಯಾಸಿನದು ಅಗ್ಗ, ಆದರೆ ಕಿಟಕಿ ತೆರೆದಿಡಬೇಕು. ಶಾಖ ಅಲ್ಲಿಂದಲೇ ಹೋಗಿ ಬೀದಿಯನ್ನು ಕಾಯಿಸಿತು. ಇದ್ದಿಲು ಎಲ್ಲಕ್ಕಿಂತ ಅಗ್ಗ, ಆದರೆ ಮಸಿ ಹಿಡಿದ ಗೋಡೆಗೆ ಬಳಿಸಿದ ಸುಣ್ಣದ ಖರ್ಚು ಸೇರಿಸಿದರೆ ಎಲ್ಲಕ್ಕಿಂತ ದುಬಾರಿ. ಖಚಿತವಾಗಲಿ ಎಂದು ಎಲ್ಲವನ್ನೂ ಮತ್ತೊಮ್ಮೆ ಉರಿಸಲಾಯಿತು. ಮೇಲಧಿಕಾರಿ ಸ್ವೆಟರ್ ಬಿಚ್ಚಿಟ್ಟು ಕರ್ತವ್ಯ ನಿರ್ವಹಿಸಿದರು.

ಆಗ ಲೆಕ್ಕಿಗರಿಗೆ ಹೊಳೆಯಿತು: ಹೀಟರೇ ಇಲ್ಲದ ಕೋಣೆಯನ್ನು ಹೋಲಿಸಿಯೇ ಇಲ್ಲ! ಶಿಶುಮನೆಯ ಗೋಡೆಗೆ ಉಷ್ಣಮಾಪಕ ತೂಗುಹಾಕಿದರು. ಅದು ಲೆಕ್ಕಿಗರ ಕೋಣೆಗಿಂತ ಹೆಚ್ಚು ಶಾಖ ತೋರಿಸಿತು.

"ಇದೇನಮ್ಮ ಇದು?" ಎಂದು ಆಯಾಳನ್ನು ಕೇಳಿದರು.

"ಮಕ್ಕಳು ಚಳಿಗೆ ಕೂತಲ್ಲೇ ಮರಗಟ್ಟಿ ಹೋಗ್ತಾವಲ್ಲ ಅಂತ ಬಾಗಿಲು ಹಾಕಿ ಕುಣಿಸ್ತೀನಿ ಸರ್."

"ಒಂದು ಮಗೂಗೆ ದಿನಕ್ಕೆಷ್ಟು ಖರ್ಚು?"

"ಒಂದು ಲೋಟ ಹಾಲು. ಅದೂ ಮನೆಯಿಂದಲೇ ತರ್ತಾವೆ."

ಲೆಕ್ಕಿಗರು ಕನ್ನಡಕ ತೆಗೆದು ಒರೆಸಿಕೊಂಡರು. ಇಡೀ ಸೇವಾವಧಿಯಲ್ಲಿ ಸೊನ್ನೆಯನ್ನು ಅವರು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಮರುದಿನ ಗೋಡೆಗೆ ಪ್ರಕಟಣೆ ಅಂಟಿತು: "ಮಗುವೇ ಅತ್ಯಂತ ಮಿತವ್ಯಯದ ತಾಪನ ಸಾಧನವೆಂದು ಸಾಬೀತಾಗಿರುವುದರಿಂದ, ಶಿಶುಮನೆಯ ಸಾಧನಗಳನ್ನು ಹುದ್ದೆಗೆ ಅನುಗುಣವಾಗಿ ಹಂಚಲಾಗಿದೆ. ಹೀಟರಿನ ಸುರಕ್ಷತಾ ನಿಯಮಗಳು ಇವುಗಳಿಗೂ ಅನ್ವಯಿಸುತ್ತವೆ. ಪರದೆಯ ಹತ್ತಿರ ಇಡಬಾರದು. ಮೇಲೆ ಒದ್ದೆ ಬಟ್ಟೆ ಹಾಕಬಾರದು. ಕೋಣೆ ಬಿಡುವಾಗ ಆರಿಸತಕ್ಕದ್ದು." ಆರಿಸುವುದೆಂದರೆ ಮಲಗಿಸುವುದು ಎಂದು ಕೆಳಗೆ ವಿವರಣೆ ಇತ್ತು.

ಮೇಲಧಿಕಾರಿಗೆ ಮೂರು ಮಕ್ಕಳು ಬಂದವು, ಲೆಕ್ಕಿಗರಿಗೆ ಎರಡು. ರಶೀದಿಯವಳ ಮಗಳು ಉಗ್ರಾಣಕ್ಕೆ ಹೋದಳು.

"ನನ್ನ ಮಗಳನ್ನ ನನ್ನ ಪಕ್ಕದಲ್ಲೇ ಕೂರಿಸ್ಕೋತೀನಿ ಸರ್."

"ನಿಮ್ಮ ದರ್ಜೆಗೆ ಹೀಟರ್ ಇಲ್ಲಮ್ಮ. ಇವತ್ತು ನಿಮಗೆ ಕೊಟ್ರೆ ನಾಳೆ ಜವಾನನೂ ಕೇಳ್ತಾನೆ."

ಉಗ್ರಾಣದ ಕಲ್ಲುನೆಲದ ಮೇಲೆ ಕುಣಿದೂ ಕುಣಿದೂ ಮಗುವಿಗೆ ಜ್ವರ ಬಂತು. ಉಗ್ರಾಣದವರು ಹಣೆ ಮುಟ್ಟಿ ಹಿಗ್ಗಿ ಓಡಿಬಂದರು. "ನಿಮ್ಮದು ಭಾರಿ ಕಾಯ್ತಿದೆ ಕಣಮ್ಮ!"

ಸಮಿತಿ ತುರ್ತಾಗಿ ಸೇರಿತು. ಮಗು ಹಾಲನ್ನೂ ಮುಟ್ಟಿರಲಿಲ್ಲ. ಖರ್ಚು ಇಳಿದು ಶಾಖ ಏರಿದ್ದು ಕಚೇರಿಯ ಇತಿಹಾಸದಲ್ಲೇ ಮೊದಲು. ಮಗುವಿಗೆ ಬಡ್ತಿ ಕೊಟ್ಟು ಮೇಲಧಿಕಾರಿಯ ಕೋಣೆಗೆ ಸಾಗಿಸಿದರು.

"ನಿನ್ನ ಅದೃಷ್ಟ ಕಣೇ," ಎಂದಳು ಪಕ್ಕದ ಕೌಂಟರಿನವಳು. "ನಮ್ಮೋನು ಎರಡು ವರ್ಷದಿಂದ ಬರ್ತಿದಾನೆ, ಒಂದು ದಿನ ಬಿಸಿಯಾದ ಅಂತಿಲ್ಲ."

ರಶೀದಿಯವಳು ಒಳಗೆ ಹೋಗಿ, ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ರಜೆ ಕೇಳಿದಳು.

"ನಿಮಗೆ ರಜೆ ಕೊಡ್ತೀನಿ, ಅದಕ್ಕೇನಂತೆ," ಎಂದರು ಮೇಲಧಿಕಾರಿ. "ಹೀಟರ್ ಮಾತ್ರ ಐದು ಗಂಟೆ ಆಗದೆ ಹೊರಗೆ ಹೋಗೋ ಹಾಗಿಲ್ಲ."

ಐದಕ್ಕೆ ಮಗುವನ್ನು ಎತ್ತಿಕೊಂಡು ಓಡಿದಳು. ಡಾಕ್ಟರು ಔಷಧಿ ಕೊಟ್ಟರು. ಇವಳು ಮಗ್ಗುಲಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಲೇ ಇದ್ದಳು. ಬೆಳಗಾಗುವಾಗ ಜ್ವರ ಬಿಟ್ಟಿತ್ತು.

ಕಚೇರಿ ತೆರೆದ ಕೂಡಲೇ ಮೇಲಧಿಕಾರಿ ಮಗುವಿನ ಹಣೆಯ ಮೇಲೆ ಅಂಗೈ ಇಟ್ಟರು. ಮುಖ ಸಪ್ಪಗಾಯಿತು. "ಏನು ಮಾಡಿದ್ರಿ ಇದಕ್ಕೆ?"

"ಔಷಧಿ ಕುಡಿಸಿ ಒದ್ದೆ ಬಟ್ಟೆ ಹಾಕಿದೆ ಸರ್."

ಕೋಣೆಯಲ್ಲಿದ್ದವರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಗೋಡೆ ಮೇಲೆ ಬರೆದು ಅಂಟಿಸಿದೀವಲ್ಲಮ್ಮ, ದಪ್ಪಕ್ಷರದಲ್ಲಿ!"

ಅವಳು ಅಲ್ಲೇ ನಿಂತು ವಿವರಣೆ ಬರೆದುಕೊಟ್ಟಳು: "ತಾಯಿಯಾದ ಕಾರಣ ಅಭ್ಯಾಸಬಲದಿಂದ ಹೀಗಾಯಿತು. ಕ್ಷಮಿಸಬೇಕು." ಅಕ್ಷರ ದುಂಡಗಿದೆ ಎಂದು ಲೆಕ್ಕಿಗರು ಮೆಚ್ಚಿದರು. ಸಮಿತಿ ವಿಚಾರ ಮಾಡಿ, ಶಾಖ ಕುಂದಿದ ಸಾಧನಕ್ಕೆ ಹಿಂಬಡ್ತಿ ನೀಡಿ, ಕಚೇರಿಯ ಕಟ್ಟಕಡೆಯ ಮೇಜಿಗೆ ಎಸೆಯಿತು. ಅದು ರಶೀದಿಯವಳದೇ ಮೇಜು. ಬಿಸಿಯಿಲ್ಲದ್ದು ಹೀಟರೇ ಅಲ್ಲವಾದ್ದರಿಂದ ದರ್ಜೆಯ ಪ್ರಶ್ನೆ ಏಳಲಿಲ್ಲ. ಅವಳು ಶಿಕ್ಷೆಯನ್ನು ತಲೆತಗ್ಗಿಸಿ ಒಪ್ಪಿದಳು.

ಪಕ್ಕದವಳು ಲೊಚಗುಟ್ಟಿದಳು. "ಕೈಗೆ ಬಂದದ್ದನ್ನ ಹಾಳುಮಾಡ್ಕೊಂಡೆಯಲ್ಲೇ."

ಮಗಳು ಮಡಿಲು ಹತ್ತಿ ಕೂತು, ಅವಳ ಶಾಲಿನೊಳಗೆ ತೂರಿಕೊಂಡಳು.

"ಅಮ್ಮಾ, ನಾನು ಕೆಟ್ಟೋಗಿದೀನಂತೆ. ಹೌದಾ?"

"ಹೂಂ ಕಣೆ," ಎಂದಳು ರಶೀದಿ ಬರೆಯುತ್ತಲೇ. "ಜೋರಾಗಿ ಹೇಳ್ಬೇಡ. ರಿಪೇರಿಗೆ ಕಳಿಸಿಬಿಟ್ಟಾರು."