ಉಗರಗೋಳದಾಕಿಯ ಹೆಸರು

ಹೆಸರಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಂದಲ್ಲ ಒಂದು ಫಜೀತಿ ಆಗುತ್ತಲೇ ಬಂದಿದೆ. ಮೊದಲು ಅವನ್ನೆಲ್ಲ ನಾನೂ ನನ್ನ ನೆಗೆಣ್ಣಿಯೂ, ಅಂದರೆ ನನ್ನ ಮೈದುನನ ಹೆಂಡತಿಯೂ, ರೊಟ್ಟಿ ಬಡಿಯುತ್ತ ಹೇಳಿಕೊಂಡು ನಗುತ್ತಿದ್ದೆವು. ಈಗ ಒಬ್ಬಳೇ ನಗಬೇಕಾಗಿದೆ. ಒಬ್ಬಳೇ ನಕ್ಕರೆ ಮನೆಯವರು ಒಂದು ಥರ ನೋಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಸೊಸೆಯಾಗಿ ಬಂದವಳನ್ನು ಅವಳ ತವರೂರಿನಿಂದ ಕರೆಯುವುದು ರೂಢಿ. ನಾನು ಕಿತ್ತೂರಿನವಳು. ಬೈಲಹೊಂಗಲದ ಈ ಮನೆಗೆ ಕಾಲಿಟ್ಟ ದಿನದಿಂದ ‘ಕಿತ್ತೂರದಾಕಿ’. ಪಕ್ಕದ ಮನೆಯಲ್ಲಿ ರಾಮದುರ್ಗದಾಕಿ, ಹಿಂದಿನ ಮನೆಯಲ್ಲಿ ಹೂಲಿಯಾಕಿ. ಮುಂಜಾನೆ ಹೊತ್ತು ನಮ್ಮ ಓಣಿಯಲ್ಲಿ ಕೂಗಾಟ ಕೇಳಿದರೆ ಹೊಸಬರಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗಾಗುತ್ತದೆ. ನನಗೆ ಇದರಿಂದ ಬೇಜಾರೇನೂ ಇರಲಿಲ್ಲ. ಕಿತ್ತೂರು ಅಂದ ಕೂಡಲೇ ಜನ ಒಂದು ಹೆಜ್ಜೆ ಹಿಂದೆ ಸರಿದು ಮಾತಾಡುತ್ತಾರೆ, ಅದು ಸೊಸೆಯಾದವಳಿಗೆ ಬಹಳ ಉಪಯೋಗದ ಸಂಗತಿ. ಆದರೆ ಸವದತ್ತಿ ಹತ್ತಿರದ ಉಗರಗೋಳದಿಂದ ಬಂದ ನನ್ನ ನೆಗೆಣ್ಣಿಗೆ ಬೇಜಾರಿತ್ತು.

ಒಂದೇ ಹೆಸರಿನ ಇಬ್ಬರು

ಆಕೆಯ ಹೆಸರು ನೀಲಗಂಗಾ. ನಮ್ಮ ಅತ್ತೆಯ ಹೆಸರೂ ನೀಲಗಂಗಾ. ಹೆಣ್ಣು ನೋಡಲು ಹೋದಾಗ ಎಲ್ಲರೂ ಇದನ್ನು ಕೇಳಿ ಎಂಥಾ ಯೋಗಾಯೋಗ ಅಂತ ಹೊಗಳಿ ಅವಲಕ್ಕಿ ತಿಂದರು. ಅತ್ತೆಯ ಹೆಸರನ್ನು ಸೊಸೆಯಾದ ನಾನು ಬಾಯಲ್ಲಿ ಹೇಳುವಂತಿಲ್ಲ, ಹೆಂಡತಿಯ ಹೆಸರು ಹಿಡಿದು ಮಾವನವರು ಕರೆಯುವವರಲ್ಲ, ತಾಯಿಯ ಹೆಸರನ್ನು ಮಕ್ಕಳು ಕೂಗುವಂತಿಲ್ಲ ಎಂಬುದು ಮದುವೆ ಮುಗಿಯುವವರೆಗೆ ಯಾರಿಗೂ ಹೊಳೆಯಲಿಲ್ಲ.

ಕೂಗುವ ಅಧಿಕಾರ ಇದ್ದದ್ದು ಒಬ್ಬರಿಗೇ, ಮಾವನವರ ಅಕ್ಕನಿಗೆ. ಮದುವೆಗೆಂದು ಬಂದು ಇನ್ನೂ ಉಳಿದಿದ್ದ ಆ ಹಿರಿಯಳು ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು, “ನೀಲಗಂಗಾ, ಬಚ್ಚಲಾ ಇನ್ನೂ ತಿಕ್ಕಿಲ್ಲಲ್ಲ” ಅಂದುಬಿಟ್ಟಳು. ಹೇಳಿದ್ದು ಹೊಸ ಸೊಸೆಗೆ. ಕೇಳಿಸಿದ್ದು ಒಳಗೆ ಮಲಗಿದ್ದ ಅತ್ತೆಗೆ. ಅತ್ತೆ ಎದ್ದರು. ಸೀರೆ ಎತ್ತಿ ಸಿಕ್ಕಿಸಿ ಬಚ್ಚಲಿಗೆ ನಡೆದರು. ಎಲ್ಲರೂ ಕೈ ಹಿಡಿದು ಬೇಡಿಕೊಂಡರೂ ಬಿಡದೆ ಹೊತ್ತು ಇಳಿಯುವವರೆಗೆ ಕಲ್ಲು ಸವೆಯುವ ಹಾಗೆ ತಿಕ್ಕಿದರು.

ಅವತ್ತಿಗೆ ಆ ಹೆಸರಿಗೆ ಬೀಗ ಬಿತ್ತು. ಆಕೆ ಉಗರಗೋಳದಾಕಿ ಆದಳು. ಸಂಜೆ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತ ನನಗೊಬ್ಬಳಿಗೇ ಹೇಳಿದಳು: “ಅಕ್ಕಾ, ನಮ್ಮವ್ವ ನನಗ ನೀಲಾ ಅಂತಿದ್ಲು. ಈ ಮನ್ಯಾಗ ಯಾರರೆ ಒಮ್ಮೆರೆ ಹಂಗ ಕರೀಲಿ ಅನಸ್ತೈತಿ.” ಇದೊಂದನ್ನು ಬಿಟ್ಟರೆ ಆಕೆ ಬೇರೇನನ್ನೂ ಬೇಕು ಅಂದದ್ದು ನನಗೆ ನೆನಪಿಲ್ಲ. ಬಚ್ಚಲು ಮಾತ್ರ ಆವತ್ತಿನಷ್ಟು ಸ್ವಚ್ಛ ಮತ್ತೆಂದೂ ಆಗಲಿಲ್ಲ.

ಚಟ್ನಿಗೆ ಊರು ಬಂತು

ಮಕ್ಕಳು ದೊಡ್ಡವರಾದ ಮೇಲೆ ಇಬ್ಬರೂ ಸೇರಿ ಮನೆಯ ಪಡಸಾಲೆಯಲ್ಲೇ ರೊಟ್ಟಿ, ಚಟ್ನಿ ಮಾರಲು ಶುರು ಮಾಡಿದೆವು. ಮುಂದೆ ಕೂತು ಮಾತಾಡುವುದು ನನ್ನ ಕೆಲಸ, ಒಳಗೆ ಕೂತು ಕುಟ್ಟುವುದು ಆಕೆಯದು. ಆಕೆಯ ಗುರೆಳ್ಳು ಚಟ್ನಿ ಅಂದರೆ ಸುಳ್ಳಲ್ಲ, ಒಳಕಲ್ಲಿನಲ್ಲಿ ಬೆಳ್ಳುಳ್ಳಿ ಸಿಪ್ಪೆ ಸಮೇತ ಬಿದ್ದರೆ ಓಣಿಯ ಆ ತುದಿಯವರೂ ರೊಟ್ಟಿ ತೆಗೆಯುತ್ತಿದ್ದರು.

ಜನ ಬಂದು ‘ಉಗರಗೋಳದಾಕಿ ಚಟ್ನಿ’ ಕೇಳುತ್ತಿದ್ದರು. ಪೊಟ್ಟಣಗಳು ನೆಂಟರ ಕೈಚೀಲದಲ್ಲಿ ಸವದತ್ತಿ, ರಾಮದುರ್ಗ ಅಂತ ಬಸ್ಸು ಹತ್ತಿ ಹೋಗತೊಡಗಿದವು. ದಾರಿಯಲ್ಲೆಲ್ಲೋ ‘ಆಕಿ’ ಬಸ್ಸಿನಿಂದ ಇಳಿದುಹೋದಳು, ಬರೀ ‘ಉಗರಗೋಳ ಚಟ್ನಿ’ ಉಳಿಯಿತು.

ರಾಮದುರ್ಗದ ಒಬ್ಬ ಯಜಮಾನರು ಎಲ್ಲಮ್ಮನ ಗುಡ್ಡಕ್ಕೆ ಹೋದವರು ಗುಡ್ಡದ ಬುಡದ ಉಗರಗೋಳದಲ್ಲಿ ಅಂಗಡಿ ಅಂಗಡಿ ತಿರುಗಿ ಇದನ್ನೇ ಕೇಳಿದ್ದಾರೆ. ಎಲ್ಲರೂ ಕಾಯಿ, ಭಂಡಾರ, ಬಳೆ ತೋರಿಸಿದರಂತೆ, ಚಟ್ನಿಯನ್ನು ಯಾರೂ ತೋರಿಸಲಿಲ್ಲ. ನಮ್ಮಲ್ಲಿಗೆ ಬಂದು ರೇಗಿದರು, ಹೆಸರು ಇಟ್ಟುಕೊಂಡ ಊರಿನವರಿಗೇ ಇದು ಗೊತ್ತಿಲ್ಲವಲ್ಲ, ಇದೆಂಥ ಮೋಸ ಅಂತ. ಉಗರಗೋಳದಾಕಿ ಒಳಗಿನಿಂದಲೇ ಹೇಳಿದಳು: “ಆ ಊರಾಗ ನನಗೂ ಯಾರೂ ಗುರ್ತ ಹಿಡಿಯೂದಿಲ್ರಿ. ಚಟ್ನಿಗಿ ಯಾಕ ಬೈತೀರಿ.”

ಅಸಲಿ

ಆದರೆ ಆ ಯಜಮಾನರು ಕೇಳಿದ ಅಂಗಡಿಗಳಲ್ಲಿ ಒಂದು ಆಕೆಯ ಅಣ್ಣನದು. ಕೇಳುವವರಿದ್ದಾರೆ ಎಂದು ಗೊತ್ತಾದ ಮೇಲೆ ವ್ಯಾಪಾರಸ್ಥ ಸುಮ್ಮನಿರುತ್ತಾನೆಯೇ? ಮುಂದಿನ ಸಲ ನಾವಿಬ್ಬರೂ ಗುಡ್ಡಕ್ಕೆ ಹೋಗಿ, ಹಾಗೇ ಆಕೆಯ ತವರಿಗೆ ಹೋದಾಗ ಅಂಗಡಿಯ ಮೇಲೆ ಹೊಸ ಬೋರ್ಡು: ‘ಅಸಲಿ ಉಗರಗೋಳ ಚಟ್ನಿ ಇಲ್ಲಿ ಮಾತ್ರ.’

ಅದನ್ನು ಆಕೆ ನೋಡಲೇ ಇಲ್ಲ. ಆಕೆಯ ಗಮನ ಬಾಗಿಲ ಕಡೆ ಇತ್ತು. ತಾಯಿ ಹೋದ ಮೇಲೆ ಮೊದಲ ಸಲ ತವರಿಗೆ ಬಂದಿದ್ದಳು, ಇಲ್ಲಾದರೂ ಯಾರಾದರೂ ಹೆಸರು ಹಿಡಿದು ಕರೆದಾರು ಎಂಬ ಆಸೆ. ಅಣ್ಣನ ಹೆಂಡತಿ ಹೊರಗೆ ಬಂದವಳೇ ಒಳಗೆ ತಿರುಗಿ, “ಬೈಲಹೊಂಗಲದವ್ರು ಬಂದಾರ, ನೀರು ತರ್ರಿ” ಅಂತ ಕೂಗಿದಳು. ಕೊಟ್ಟ ಹೆಣ್ಣುಮಕ್ಕಳನ್ನು ಕೊಟ್ಟ ಊರಿನಿಂದ ಕರೆಯುವುದು ಅಲ್ಲಿಯ ರೂಢಿ. ಅತ್ತೆ ಮನೆಯಲ್ಲಿ ತವರೂರು, ತವರಲ್ಲಿ ಅತ್ತೆಯೂರು. ಆಕೆ ಎಲ್ಲಿ ಇಲ್ಲವೋ ಅದೇ ಆಕೆಯ ಹೆಸರು. ಆಕೆ ನೀರಿನ ಚರಗಿ ಇಸಿದುಕೊಂಡು ಬಗ್ಗಿ ಕಾಲು ತೊಳೆದಳು, ಬಹಳ ಹೊತ್ತು ತೊಳೆದಳು.

ಊಟಕ್ಕೆ ಅಣ್ಣ ತನ್ನ ಚಟ್ನಿ ಬಡಿಸಿದ. ಶೇಂಗಾ ಬೆರೆಸಿ ಮಿಕ್ಸರಿಗೆ ಹಾಕಿದ್ದು, ಗುರೆಳ್ಳು ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಆಕೆ ರೊಟ್ಟಿಗೆ ಒಂದಿಷ್ಟು ಹಚ್ಚಿಕೊಂಡು ತಿಂದಳು. ಅಣ್ಣನೇ ಸಮಾಧಾನ ಮಾಡುವವನ ಹಾಗೆ ಹೇಳಿದ: “ಬೇಜಾರ ಮಾಡ್ಕೋಬ್ಯಾಡ ತಂಗಿ, ನಿಂದೂ ಚಲೋ ಇರತೈತಿ. ಆದ್ರ ಬೈಲಹೊಂಗಲದಾಗ ಕುಟ್ಟಿದ್ದು ಉಗರಗೋಳ ಚಟ್ನಿ ಹೆಂಗಾದೀತು?” ಹೊರಡುವಾಗ ಕುಪ್ಪಸದ ಖಣದ ಜೊತೆ ಒಂದು ಪೊಟ್ಟಣ ಚಟ್ನಿಯನ್ನೂ ಆಕೆಯ ಉಡಿಯಲ್ಲಿ ಹಾಕಿಸಿದ, ರುಚಿ ನೋಡಿ ಕಲಿತುಕೋ ಅಂತ.

ದ್ರಾಕ್ಷಿ ಊರಿನ ಹೆಂಗಸು

ನನ್ನ ಅಳಿಯ ವಿಜಯಪುರದ ಕಡೆ ದ್ರಾಕ್ಷಿ ತೋಟದಲ್ಲಿ ಕೆಲಸಕ್ಕಿದ್ದಾನೆ. ಆ ದ್ರಾಕ್ಷಿ ತಿನ್ನುವುದಕ್ಕಲ್ಲ, ವೈನು ಮಾಡುವುದಕ್ಕೆ. ಈ ಮಾತು ನಮ್ಮ ಮನೆಯಲ್ಲಿ ಬಂದಾಗಲೆಲ್ಲ ನಾನು ಎದ್ದು ದೇವರ ಕೋಣೆಯ ಬಾಗಿಲು ಮುಂದೆ ಮಾಡಿ ಬರುತ್ತೇನೆ. ಅಣ್ಣನ ಚಟ್ನಿಯ ಕಥೆ ಕೇಳಿ ಅಳಿಯ, ಅವರು ಹೇಳಿದ್ದು ಕಾಯದೆ ಪ್ರಕಾರ ಸರಿಯೇ ಅಂದ. ಪರದೇಶದಲ್ಲಿ ವೈನಿಗೆ ಊರಿನದೇ ಹೆಸರಂತೆ. ಆ ಊರಿನ ಮಣ್ಣು, ಬಿಸಿಲು, ಗಾಳಿ ತಾಗಿದ ದ್ರಾಕ್ಷಿಗೆ ಮಾತ್ರ ಆ ಹೆಸರು. ಪಕ್ಕದ ಊರಿನವರು ಅದೇ ಹಣ್ಣು ಹಿಂಡಿ ಅದೇ ರುಚಿ ತೆಗೆದರೂ ಆ ಹೆಸರು ಬರೆದರೆ ಕೋರ್ಟು. ಬಾಟಲಿಯ ಮೇಲೆ ಊರಿನ ಹೆಸರು ನೋಡಿಯೇ ಜನ ಕೊಳ್ಳುತ್ತಾರಂತೆ.

ಉಗರಗೋಳದಾಕಿ ಒನಕೆ ನಿಲ್ಲಿಸಿ ಎಲ್ಲವನ್ನೂ ಕೇಳಿದಳು. ಆಮೇಲೆ ಆ ದ್ರಾಕ್ಷಿ ಹಿಂಡುವಾಕೆಯ ಹೆಸರು ಬಾಟಲಿಯ ಮೇಲೆ ಇರುತ್ತದೆಯೇ ಅಂತ ಕೇಳಿದಳು. ಅಳಿಯ ಯೋಚಿಸಿ, ಊರಿಗೇ ಹೆಸರು ಅಂದ ಮೇಲೆ ಅದೆಲ್ಲಿರುತ್ತದೆ ಅಂದ.

“ಹಂಗಾರ ಆಕೀನೂ ಯಾರದೋ ಮನಿ ಸೊಸಿ ಇರಬೇಕು,” ಅಂದು ಆಕೆ ಮತ್ತೆ ಒನಕೆ ಎತ್ತಿದಳು.

ಹೆಸರು ಅಚ್ಚಾದದ್ದು

ಅತ್ತೆ ತುಂಬು ವಯಸ್ಸಿನಲ್ಲಿ ಹೋದರು. ಒಳ್ಳೆಯವರು, ಹೆಸರಿನ ವಿಷಯ ಬಿಟ್ಟರೆ. ದಿನಕರ್ಮ ಎಲ್ಲ ಮುಗಿದ ಮೇಲೆ ಒಂದು ದಿನ ಪಡಸಾಲೆಯಿಂದ ನಾನು ಧೈರ್ಯ ಮಾಡಿ “ನೀಲಾ” ಅಂತ ಕರೆದೆ. ಒಳಗೆ ಕುಟ್ಟುವ ಸಪ್ಪಳ ನಿಲ್ಲಲಿಲ್ಲ. ಇನ್ನೂ ಗಟ್ಟಿಯಾಗಿ ಕರೆದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು ಬಾಗಿಲ ಕಡೆ ನೋಡಿ, ಯಾರು ಬಂದಿದ್ದಾರೆ ಅಕ್ಕಾ, ಯಾರನ್ನು ಕರೆಯುತ್ತಿದ್ದೀರಿ ಅಂದಳು. ನಿನ್ನನ್ನೇ ಅಂದೆ. ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು. ಖಾರ ಹಾರಿತು ಅಂದಳು.

ಅವತ್ತೇ ಪೇಟೆಗೆ ಹೋಗಿ ಹೊಸ ಪೊಟ್ಟಣ ಅಚ್ಚು ಹಾಕಿಸಿದೆ. ಹಸಿರು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ: ‘ನೀಲಗಂಗಾ ಗುರೆಳ್ಳು ಚಟ್ನಿ’. ಆಕೆ ಖಾಲಿ ಪೊಟ್ಟಣವನ್ನೇ ಕೈಯಲ್ಲಿ ಹಿಡಿದುಕೊಂಡು ಮನೆಯೆಲ್ಲ ಓಡಾಡಿದಳು. ಮೊದಲ ದಿನ ಮುಂದೆ ಕೂತು ತಾನೇ ಮಾರುತ್ತೇನೆ ಅಂದಳು.

ಮೊದಲು ಬಂದದ್ದು ಸವದತ್ತಿಯ ಒಬ್ಬ ಹೆಣ್ಣುಮಗಳು. ಪೊಟ್ಟಣ ತಿರುಗಿಸಿ ಮುರುಗಿಸಿ ನೋಡಿ, ಈ ಕಂಪನಿದು ಬೇಡ, ನನಗೆ ಯಾವಾಗಲಿನ ಉಗರಗೋಳದ್ದೇ ಬೇಕು ಅಂದಳು. ಎರಡೂ ಒಂದೇ ಅಂದರೆ ನಂಬಲಿಲ್ಲ. ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಆಗ ಉಗರಗೋಳದಾಕಿ ಆಕೆಯನ್ನು ನಿಲ್ಲಿಸಿ, ಆ ಪೊಟ್ಟಣ ತೆಗೆದುಕೊಂಡು ಒಳಗೆ ಹೋದಳು. ಅದನ್ನು ಹರಿದು, ಚಟ್ನಿಯನ್ನು ಹಳೆಯ ಸಾದಾ ಪೊಟ್ಟಣಕ್ಕೆ ಸುರಿದು ತಂದು ಕೊಟ್ಟಳು. ಹೆಣ್ಣುಮಗಳು ಚಿಟಿಕೆ ಬಾಯಿಗೆ ಹಾಕಿಕೊಂಡು ಚಪ್ಪರಿಸಿ, “ನೋಡ್ರಿ, ಇದು ಉಗರಗೋಳದ್ದು. ಅದಕ್ಕೂ ಇದಕ್ಕೂ ಎಷ್ಟ ಫರಕ್ ಐತಿ,” ಅಂದಳು.

ಉಗರಗೋಳದಾಕಿ ಹೌದ್ರಿ ಅಂದಳು. ಹಸಿರು ಪೊಟ್ಟಣಗಳನ್ನು ನಾವು ಒಲೆ ಹೊತ್ತಿಸಲು ಬಳಸಿದೆವು. ಪ್ಲಾಸ್ಟಿಕ್ಕಿನ ವಾಸನೆಗೆ ಮನೆಯವರೆಲ್ಲ ಬೈದರು.

ಬ್ಯಾನರ್

ಹೋದ ಶ್ರಾವಣದಲ್ಲಿ ಆಕೆ ಲಿಂಗೈಕ್ಯಳಾದಳು. ಜ್ವರ ಅಂತ ಮಲಗಿದವಳು ಏಳಲಿಲ್ಲ. ಈಗಲೂ ಒಳಕಲ್ಲಿನ ಹತ್ತಿರ ಹೋದರೆ ನನಗೆ ದುಃಖ ಒತ್ತರಿಸಿ ಬರುತ್ತದೆ. ನನಗಿಂತ ಚಿಕ್ಕವಳು, ನನ್ನ ಮುಂದೆ ಹೋಗಬಾರದಿತ್ತು.

ಆಕೆಯ ಮಗ ಓಣಿಯ ಮೂಲೆಯಲ್ಲಿ ದೊಡ್ಡ ಬ್ಯಾನರ್ ಕಟ್ಟಿಸಿದ. ಯಾವಾಗಲೂ ಸೆರಗು ಹೊದ್ದು ತಲೆ ಬಗ್ಗಿಸುತ್ತಿದ್ದವಳದು ಸರಿಯಾದ ಫೋಟೋ ಇದ್ದದ್ದು ಮದುವೆಯ ಕಾಲದ್ದೇ. ಅದನ್ನೇ ದೊಡ್ಡದು ಮಾಡಿ, ಸ್ಟುಡಿಯೋದವನು ಹಿಂದೆ ಮೋಡ, ಮುಂದೆ ಕಮಲ ಹಾಕಿದ್ದ. ಕೆಳಗೆ ಆಳೆತ್ತರದ ಅಕ್ಷರದಲ್ಲಿ ‘ನೀಲಗಂಗಾ’. ಊರೆಲ್ಲ ಓದುವ ಹಾಗೆ ಆಕೆಯ ಹೆಸರು ಕಡೆಗೂ ಬಂತು. ಆಕೆ ನೋಡಬೇಕಿತ್ತು ಅಂತ ನಾನು ಕೆಳಗೆ ನಿಂತು ಅತ್ತುಬಿಟ್ಟೆ.

ನಮ್ಮಲ್ಲಿ ಮೊದಲಿನಿಂದ ಚಟ್ನಿ ಒಯ್ಯುವ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಬಂದಾಗಲೆಲ್ಲ ಒಳಗೆ ಇಣುಕಿ ಉಗರಗೋಳದಾಕಿಯ ಜೊತೆ ನಾಲ್ಕು ಮಾತಾಡಿಯೇ ಹೋಗುವವರು. ಮಗಳ ಊರಿಗೆ ಹೋಗಿದ್ದವರಿಗೆ ಸುದ್ದಿ ತಿಳಿದಿರಲಿಲ್ಲ. ತಿರುಗಿ ಬಂದವರು ನೇರ ನಮ್ಮ ಪಡಸಾಲೆಗೆ ಬಂದು ಎದೆ ನೀವಿಕೊಳ್ಳುತ್ತ ಕೂತರು. ನಾನು ನೀರು ಕೊಟ್ಟೆ.

“ಓಣಿ ಮೂಲ್ಯಾಗ ಬ್ಯಾನರ್ ಕಂಡ ಕೂಡ್ಲೆ ನನ್ನ ಎದಿ ಧಸಕ್ ಅಂತ್ರಿ,” ಅಂದರು. “ನಮ್ಮ ಉಗರಗೋಳದಾಕೀನ ಏನೋ ಅಂತ ಹೆದರಿಬಿಟ್ಟಿದ್ದೆ. ಸಮೀಪ ಹೋಗಿ ಹೆಸರು ಓದಿದ ಮ್ಯಾಲೆ ಜೀವಕ್ಕ ಸಮಾಧಾನ ಆತು.”

ನಗುವೂ ಅಳುವೂ ಒಟ್ಟಿಗೇ ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅವರು ನೀರು ಕುಡಿದು ಲೋಟ ಕೆಳಗಿಟ್ಟು, ಪಾಪ, ಸಣ್ಣ ವಯಸ್ಸಿನ ಮುಖ, ಯಾರದು ಆಕೆ ಅಂತ ಕೇಳಿದರು. ನೀಲಗಂಗಾ ನನ್ನ ನೆಗೆಣ್ಣಿ ಅಂದೆ.

ಮಾಸ್ತರರು ನನ್ನನ್ನು ಬಹಳ ಮರುಕದಿಂದ ನೋಡಿದರು.

“ನಿಮಗ ಇನ್ನೊಬ್ಬಾಕಿ ನೆಗೆಣ್ಣಿ ಇದ್ದಳೇನ್ರಿ?”